ಶಹಾಡಿನಿಂದ ಕಂಡ ಈಜಿಪ್ಟ್

ಕಳೆದ ಪರೀಕ್ಷೆಯ ಹೊತ್ತಿಗೆ ನಮ್ಮ ಮಗಳು ತನ್ನ ಪಠ್ಯದ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ನಮ್ಮ ಬಳಿ ಬಂದಳು. ಈಜಿಪ್ಟನ್ನು ನೈಲ್ ನದಿಯ ಕೊಡುಗೆ ಎಂದು ಏಕೆ ಕರೆಯುತ್ತಾರೆ? ಎರಡು ಅಂಕಗಳ ಪ್ರಶ್ನೆ. ವಿಜಾಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಶಾಲೆಯೊಂದರಲ್ಲಿ ಓದುವಾಗ ನಾವೂ ಇದೇ ಪ್ರಶ್ನೆಗೆ ಉತ್ತರ ಬರೆದವರು. ಆದ್ದರಿಂದ ಯೋಚಿಸದೆ ಹೇಳಿದೆವು: ಮಳೆಯಿಲ್ಲದ ಮರುಭೂಮಿಯಲ್ಲಿ ನೈಲ್ ಹರಿಯುತ್ತದೆ, ಅದರ ಮಹಾಪೂರ ಫಲವತ್ತಾದ ಮೆಕ್ಕಲು ಮಣ್ಣನ್ನು ತಂದು ಹರಡುತ್ತಿತ್ತು, ಅಲ್ಲಿ ನಾಗರಿಕತೆ ಬೆಳೆಯಿತು. ಅವಳು ಬರೆದುಕೊಂಡಳು. ಬಳಿಕ ಪೆನ್ನಿನ ತುದಿಯನ್ನು ಕಚ್ಚುತ್ತ, "ಕೊಡುಗೆ ಅಂದ್ರೆ ಕೊಟ್ಟವರು ಯಾರಾದ್ರೂ ಇರಬೇಕಲ್ಲಪ್ಪಾ? ಯಾರು ಕೊಟ್ಟಿದ್ದು?" ಎಂದು ಕೇಳಿದಳು.

ನಮಗೆ ಉತ್ತರ ಹೊಳೆಯಲಿಲ್ಲ. ಇಂಗ್ಲಿಷ್ ಎಂ.ಎ. ಓದುವಾಗ ನಮಗೆ ದೊರೆತ ಈಜಿಪ್ಟ್ ಬೇರೆಯದು. ಶೆಲ್ಲಿಯ ಮುರಿದ ವಿಗ್ರಹ, ಕ್ಲಿಯೋಪಾತ್ರಳ ದೋಣಿ, ಲಾರೆನ್ಸ್ ಡರೆಲ್‌ನ ಅಲೆಕ್ಸಾಂಡ್ರಿಯ. ಅದರಲ್ಲಿ ಮರಳಿತ್ತು, ಪಾಳುಗಳಿದ್ದವು, ಪ್ರೇಮವಿತ್ತು. ನೀರು ಎಲ್ಲಿಂದ ಬರುತ್ತದೆ, ಯಾರ ಹೊಲಕ್ಕೆ ಎಷ್ಟು ದಿನ ಬರುತ್ತದೆ ಎಂಬ ವಿಚಾರವಿರಲಿಲ್ಲ. ಆ ಪ್ರಶ್ನೆಯ ನೆಪದಿಂದ ಕೆಲವು ತಿಂಗಳು ಈಜಿಪ್ಟಿನ ಭೂಗೋಳವನ್ನು ಮತ್ತೆ ಓದಿದೆವು. ಓದುತ್ತ ಹೋದಂತೆ ಅದು ನಾವು ವಾಸಿಸುವ ಶಹಾಡಿನ ಕಥೆಯೂ, ನಾವು ಬಿಟ್ಟುಬಂದ ಭೀಮಾತೀರದ ಕಥೆಯೂ ಆಯಿತು. ಅದನ್ನು ಬಳಗದ ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಮೊದಲು ನೆಲದ ಲೆಕ್ಕ. ಈಜಿಪ್ಟಿನ ವಿಸ್ತೀರ್ಣ ಸುಮಾರು ಹತ್ತು ಲಕ್ಷ ಚದರ ಕಿಲೋಮೀಟರ್, ಎಂದರೆ ಐದು ಕರ್ನಾಟಕಗಳಿಗಿಂತ ತುಸು ಹೆಚ್ಚು. ಜನಸಂಖ್ಯೆ 2020ರ ಫೆಬ್ರವರಿಯಲ್ಲಿ ಹತ್ತು ಕೋಟಿ ದಾಟಿತು. ಭಾಗಿಸಿ ನೋಡಿದರೆ ಚದರ ಕಿಲೋಮೀಟರಿಗೆ ನೂರು ಚಿಲ್ಲರೆ ಜನ; 2011ರ ಜನಗಣತಿಯಲ್ಲಿ ಕರ್ನಾಟಕದ ಸಾಂದ್ರತೆ 319. ಹಾಗಾದರೆ ಈಜಿಪ್ಟ್ ಖಾಲಿ ದೇಶವೇ? ಅಲ್ಲ. ಅದರ ನೂರಕ್ಕೆ ತೊಂಬತ್ತೈದು ಭಾಗ ಜನರು ವಾಸಿಸುವುದು ನೂರಕ್ಕೆ ಐದು ಭಾಗ ನೆಲದಲ್ಲಿ. ಪಶ್ಚಿಮಕ್ಕೆ ಲಿಬಿಯದವರೆಗೆ ಮರಳುಗಾಡು, ಪೂರ್ವಕ್ಕೆ ಕೆಂಪು ಸಮುದ್ರದವರೆಗೆ ಬೋಳು ಗುಡ್ಡಗಳು, ಅದರಾಚೆ ಏಷ್ಯಾಕ್ಕೆ ಸೇರಿದ ಸಿನಾಯ್. ನಡುವೆ ಒಂದು ಹಸಿರು ಪಟ್ಟಿ. ದಕ್ಷಿಣದ ಅಸ್ವಾನಿನಿಂದ ಕೈರೋವರೆಗೆ ಅದು ಕೆಲವೆಡೆ ಮೈಲಿಯಷ್ಟೂ ಅಗಲವಿಲ್ಲ. ಕೈರೋ ದಾಟಿದ ಮೇಲೆ ನದಿ ರೊಸೆಟ್ಟಾ, ಡಾಮಿಯೆಟ್ಟಾ ಎಂಬ ಎರಡು ಕವಲಾಗಿ, ಬೀಸಣಿಗೆಯಂತೆ ಬಿಚ್ಚಿಕೊಂಡು ಮೆಡಿಟರೇನಿಯನ್ ಸಮುದ್ರವನ್ನು ಸೇರುತ್ತದೆ. ಆ ಪಟ್ಟಿ, ಆ ಬೀಸಣಿಗೆ, ಇಷ್ಟೇ ಈಜಿಪ್ಟ್. ಉಳಿದದ್ದು ನಕ್ಷೆಯ ಬಣ್ಣ.

ಸರಾಸರಿಯ ಅಂಕಿ ಹೇಗೆ ಸುಳ್ಳು ಹೇಳುತ್ತದೆ ಎಂಬುದನ್ನು ಶಹಾಡಿನಲ್ಲಿರುವವರಿಗೆ ಯಾರೂ ಕಲಿಸಬೇಕಾಗಿಲ್ಲ. 2011ರಲ್ಲಿ ಆಗಿನ ಠಾಣೆ ಜಿಲ್ಲೆ ಒಂದು ಕೋಟಿ ಹತ್ತು ಲಕ್ಷ ಜನರೊಂದಿಗೆ ಇಡೀ ದೇಶದಲ್ಲೇ ಅತಿ ಹೆಚ್ಚು ಜನಸಂಖ್ಯೆಯ ಜಿಲ್ಲೆಯಾಗಿತ್ತು. ಪಾಲ್ಘರ್ ಬೇರೆಯಾದದ್ದು 2014ರಲ್ಲಿ. ಆದರೆ ಆ ಜಿಲ್ಲೆಯೊಳಗೇ ಮುರಬಾಡ, ಶಹಾಪುರದ ಕಾಡುಗಳಲ್ಲಿ ಗಂಟೆಗಟ್ಟಲೆ ನಡೆದರೂ ಮನುಷ್ಯರು ಕಾಣದ ಜಾಗಗಳಿದ್ದವು. ನಮ್ಮ ಪಕ್ಕದ ಉಲ್ಹಾಸನಗರದಲ್ಲೋ ಸುಮಾರು ಹದಿಮೂರು ಚದರ ಕಿಲೋಮೀಟರಿನಲ್ಲಿ ಐದು ಲಕ್ಷ ಜನ. ನೈಲಿನ ದಂಡೆಗೆ ಈಜಿಪ್ಟಿನವರು ಅಂಟಿಕೊಂಡಂತೆ ನಾವು ರೈಲುಹಳಿಗೆ ಅಂಟಿಕೊಂಡವರು. ಕೈರೋದಲ್ಲಿ ನದಿ ಕವಲೊಡೆಯುವಂತೆ ಕಲ್ಯಾಣದಲ್ಲಿ ಹಳಿ ಕವಲೊಡೆಯುತ್ತದೆ: ಒಂದು ಕವಲು ಕರ್ಜತ್ ಕಡೆಗೆ, ಇನ್ನೊಂದು ಕಸಾರಾ ಕಡೆಗೆ. ಕಸಾರಾ ಕವಲಿನ ಮೊದಲ ನಿಲ್ದಾಣ ಶಹಾಡ್. ಸಂಜೆಯ ಲೋಕಲ್ ಗಾಡಿ ಕಲ್ಯಾಣದಲ್ಲಿ ಜನರನ್ನು ಸುರಿದು ಮುಂದೆ ಸಾಗುವುದನ್ನು ದಿನವೂ ಕಾಣುವ ನಮಗೆ, ಬಯಲೆಲ್ಲ ಖಾಲಿಯಿದ್ದರೂ ಜನ ಒಂದು ಗೆರೆಯ ಮೇಲೇ ಏಕೆ ಜೋತುಬೀಳುತ್ತಾರೆ ಎಂಬುದು ಅರ್ಥವಾಗುತ್ತದೆ. ಅನ್ನ ಆ ಗೆರೆಯ ಮೇಲಿದೆ.

ಅನ್ನ ಎಂದಾಗ ಈಜಿಪ್ಟಿನ ರೊಟ್ಟಿಯ ಮಾತು ಬರುತ್ತದೆ. ಅರಬ್ಬಿಯ ಬೇರೆ ಸೀಮೆಗಳಲ್ಲಿ ರೊಟ್ಟಿಗೆ ಬೇರೆ ಶಬ್ದವಿದ್ದರೂ ಈಜಿಪ್ಟಿನವರು ಅದನ್ನು 'ಏಶ್' ಎನ್ನುತ್ತಾರೆ; ಆ ಶಬ್ದದ ಅರ್ಥ ಬದುಕು. ಸುಮಾರು ಏಳು ಕೋಟಿ ಜನರಿಗೆ ಅಲ್ಲಿನ ಸರಕಾರ ದಿನಕ್ಕೆ ಐದರಂತೆ ಸಹಾಯಧನದ ರೊಟ್ಟಿ ಕೊಡುತ್ತದೆ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಒಂದು ರೊಟ್ಟಿಯ ಬೆಲೆ ಐದು ಪಿಯಾಸ್ಟರ್ ಆಗಿಯೇ ಉಳಿದಿತ್ತು. 1977ರ ಜನವರಿಯಲ್ಲಿ ಅಧ್ಯಕ್ಷ ಸಾದತ್ ಆಹಾರದ ಸಹಾಯಧನಕ್ಕೆ ಕೈಹಾಕಿದಾಗ ಊರೂರುಗಳಲ್ಲಿ ದಂಗೆಯೆದ್ದು, ಆದೇಶವನ್ನೇ ಹಿಂದಕ್ಕೆ ಪಡೆಯಬೇಕಾಯಿತು. ಆ ನೆನಪಿನಿಂದ ಬೆಲೆ ಏರಿಸುವ ಧೈರ್ಯ ಬಹುಕಾಲ ಯಾರಿಗೂ ಬರಲಿಲ್ಲ. 2024ರ ಜೂನ್ 1ರಂದು ಅದು ಇಪ್ಪತ್ತು ಪಿಯಾಸ್ಟರ್ ಆಯಿತು.

ಆದರೆ ಆ ರೊಟ್ಟಿಯ ಗೋಧಿಯ ಅರ್ಧದಷ್ಟು ಭಾಗ ನೈಲಿನ ನೀರಿನಿಂದ ಬೆಳೆದದ್ದಲ್ಲ. ಪ್ರಪಂಚದಲ್ಲಿ ಅತಿ ಹೆಚ್ಚು ಗೋಧಿ ಕೊಳ್ಳುವ ದೇಶಗಳ ಸಾಲಿನಲ್ಲಿ ಈಜಿಪ್ಟ್ ಮುಂದೆ ನಿಲ್ಲುತ್ತದೆ; ಹೆಚ್ಚಿನ ಗೋಧಿ ರಷ್ಯ, ಉಕ್ರೇನುಗಳಿಂದ ಬರುತ್ತದೆ. 2022ರಲ್ಲಿ ಆ ಎರಡು ದೇಶಗಳ ಯುದ್ಧ ಆರಂಭವಾದಾಗ ಕೈರೋದ ಅಡುಗೆಮನೆಗಳು ನಡುಗಿದವು. ಅದೇ ಮೇ ತಿಂಗಳಲ್ಲಿ ಭಾರತ ಗೋಧಿಯ ರಫ್ತನ್ನು ನಿಷೇಧಿಸಿದಾಗ, ಕಾಂಡ್ಲಾ ಬಂದರಿನಲ್ಲಿ ಹಡಗಿಗೆ ತುಂಬುತ್ತಿದ್ದ ಈಜಿಪ್ಟಿನ ಸರಕಿಗೆ ವಿಶೇಷ ವಿನಾಯಿತಿ ಕೊಡಬೇಕಾಯಿತು. ಒಂದು ಕಿಲೋ ಗೋಧಿ ಬೆಳೆಯಲು ಸಾವಿರ ಲೀಟರಿಗೂ ಹೆಚ್ಚು ನೀರು ಬೇಕು. ಎಂದರೆ ಗೋಧಿಯ ಹಡಗು ಕಣ್ಣಿಗೆ ಕಾಣದ ನೀರಿನ ಹಡಗೂ ಹೌದು. ನೈಲಿನಲ್ಲಿ ಸಾಲದ ನೀರನ್ನು ಈಜಿಪ್ಟ್ ಡಾಲರು ಕೊಟ್ಟು ಕಾಳಿನ ರೂಪದಲ್ಲಿ ತರಿಸಿಕೊಳ್ಳುತ್ತಿದೆ.

ಡಾಲರಾದರೂ ಎಲ್ಲಿಂದ ಬರಬೇಕು? ಒಂದು ಕಾಲದಲ್ಲಿ ಹತ್ತಿಯಿಂದ. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ, 1861ರಿಂದ 65ರವರೆಗೆ, ಲ್ಯಾಂಕಾಶೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋದಾಗ ಹಣ ಹರಿದದ್ದು ಎರಡು ಕಡೆಗೆ: ಒಂದು ಮುಂಬಯಿಗೆ, ಇನ್ನೊಂದು ಅಲೆಕ್ಸಾಂಡ್ರಿಯಕ್ಕೆ. ನಮ್ಮ ಧಾರವಾಡ ಸೀಮೆಯ ಹತ್ತಿಗೂ ಆಗ ಬೆಲೆ ಬಂದಿತ್ತು. ಯುದ್ಧ ಮುಗಿದೊಡನೆ ಮುಂಬಯಿಯ ಷೇರು ಪೇಟೆ ಕುಸಿಯಿತು. ಈಜಿಪ್ಟಿನ ದೊರೆ ಇಸ್ಮಾಯಿಲ್ ಸಾಲದಲ್ಲಿ ಮುಳುಗಿ, ಕೊನೆಗೆ 1882ರಲ್ಲಿ ಬ್ರಿಟಿಷ್ ಸೈನ್ಯ ಬಂದು ಕುಳಿತಿತು. ಈಗಿನ ಆದಾಯದ ದಾರಿಗಳು ಬೇರೆ. 1869ರಲ್ಲಿ ತೆರೆದ, 1956ರಲ್ಲಿ ನಾಸರ್ ರಾಷ್ಟ್ರೀಕರಿಸಿದ ಸುಯೆಜ್ ಕಾಲುವೆಯ ಸುಂಕ, ಪ್ರವಾಸಿಗರ ಹಣ, ಸಮುದ್ರದಡಿಯ ಅನಿಲ, ಇವೆಲ್ಲಕ್ಕಿಂತ ಮಿಗಿಲಾಗಿ ಕೊಲ್ಲಿ ದೇಶಗಳಿಗೆ ದುಡಿಯಲು ಹೋದ ಮಕ್ಕಳು ಮನೆಗೆ ಕಳುಹಿಸುವ ಹಣ. 2023ರಲ್ಲಿ ಸಾವಿರ ಕೋಟಿ ಡಾಲರು ಮುಟ್ಟಿದ್ದ ಕಾಲುವೆಯ ಆದಾಯ, ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ನಡೆದದ್ದರಿಂದ ಮರುವರ್ಷ ಅರ್ಧಕ್ಕಿಂತಲೂ ಕೆಳಗಿಳಿಯಿತು. 2024ರ ಮಾರ್ಚಿನಲ್ಲಿ ಈಜಿಪ್ಟಿನ ಪೌಂಡ್ ಒಂದೇ ದಿನದಲ್ಲಿ ಡಾಲರಿಗೆ 31ರಿಂದ 50ರ ಆಸುಪಾಸಿಗೆ ಬಿದ್ದಿತು. ಇವುಗಳಲ್ಲಿ ಯಾವುದೂ ಆ ದೇಶದ ಕೈಯಲ್ಲಿ ಪೂರ್ತಿಯಾಗಿ ಇಲ್ಲವೆಂಬುದನ್ನು ಗಮನಿಸಬೇಕು. ನೀರು ಮೇಲಿನವರದು, ಗೋಧಿ ಉತ್ತರದವರದು, ಹಡಗುಗಳು ಅನ್ಯರವು, ದುಡಿಮೆ ಕೊಲ್ಲಿಯವರ ಮರ್ಜಿಯದು.

ಈಗ ಮಗಳ ಪ್ರಶ್ನೆಗೆ ಬರೋಣ. ಈಜಿಪ್ಟಿನೊಳಗೆ ನೈಲ್ ಸುಮಾರು 1,500 ಕಿಲೋಮೀಟರ್ ಹರಿಯುತ್ತದೆ. ಆ ಉದ್ದಕ್ಕೂ ಒಂದು ಉಪನದಿಯೂ ಬಂದು ಸೇರುವುದಿಲ್ಲ. ಕೈರೋದಲ್ಲಿ ವರ್ಷಕ್ಕೆ ಮೂರು ಸೆಂಟಿಮೀಟರ್ ಮಳೆಯೂ ಆಗುವುದಿಲ್ಲ. ಈಜಿಪ್ಟಿಗೆ ಬರುವ ನೀರಿನ ನೂರಕ್ಕೆ ಎಂಬತ್ತೈದರಷ್ಟು ಇಥಿಯೋಪಿಯದ ಬೆಟ್ಟಗಳಲ್ಲಿ ಬೀಳುವ ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಆ ಮಳೆ ನಮ್ಮ ಮುಂಗಾರಿನ ಒಡಹುಟ್ಟು. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ವಿಜಾಪುರ ಸೀಮೆ ಬರಿದಾದಾಗ, 1877ರಲ್ಲಿ ನೈಲಿನ ಪೂರವೂ ಬಲು ಕೆಳಮಟ್ಟದಲ್ಲಿ ನಿಂತಿತ್ತು. ಕೈರೋದ ರೋಡಾ ದ್ವೀಪದಲ್ಲಿ ಕ್ರಿ.ಶ. 861ರಲ್ಲಿ ಕಟ್ಟಿದ ನೀರಿನ ಅಳತೆಗಂಬವೊಂದಿದೆ. ಪೂರದ ನೀರು ಅದರಲ್ಲಿ ಎಷ್ಟು ಮೊಳ ಏರಿತೆಂಬುದನ್ನು ನೋಡಿ ಆ ವರ್ಷದ ಕಂದಾಯ ಗೊತ್ತುಮಾಡುತ್ತಿದ್ದರು. ಸಾವಿರಾರು ಕಿಲೋಮೀಟರ್ ಆಚೆ, ತಾವು ಎಂದೂ ಕಾಣದ ಬೆಟ್ಟಗಳ ಮೇಲೆ ಬಿದ್ದ ಮಳೆಯನ್ನು ಆ ಕಂಬದಲ್ಲಿ ಓದುತ್ತಿದ್ದರು. ಹಾಗಾದರೆ ಕೊಡುಗೆ ಕೊಟ್ಟವರು ಇಥಿಯೋಪಿಯದವರು. ಆದರೆ ಯಾರೂ ಅವರನ್ನು ಕೇಳಿ ಪಡೆದದ್ದಲ್ಲ.

ಕೇಳದೆಯೇ ಹಂಚಿಕೊಂಡ ದಾಖಲೆಯೂ ಇದೆ. 1929ರಲ್ಲಿ ಬ್ರಿಟನ್ ತನ್ನ ಆಳ್ವಿಕೆಯ ಸುಡಾನ್ ಮತ್ತು ಪೂರ್ವ ಆಫ್ರಿಕದ ಪರವಾಗಿ ಈಜಿಪ್ಟಿನೊಡನೆ ಒಪ್ಪಂದ ಮಾಡಿಕೊಂಡಿತು. ಮೇಲ್ದಂಡೆಯ ಕಾಮಗಾರಿಗಳನ್ನು ತಡೆಯುವ ಅಧಿಕಾರ ಅದರಿಂದ ಈಜಿಪ್ಟಿಗೆ ದೊರೆಯಿತು. 1959ರಲ್ಲಿ ಈಜಿಪ್ಟ್ ಮತ್ತು ಸುಡಾನ್ ಕುಳಿತು ಇಡೀ ನದಿಯನ್ನು ಹಂಚಿಕೊಂಡವು. ಅಸ್ವಾನಿಗೆ ವರ್ಷಕ್ಕೆ ಸರಾಸರಿ ಬರುವ 84 ಶತಕೋಟಿ ಘನ ಮೀಟರ್ ನೀರಿನಲ್ಲಿ ಈಜಿಪ್ಟಿಗೆ 55.5, ಸುಡಾನಿಗೆ 18.5, ಉಳಿದ ಹತ್ತು ಸೂರ್ಯನಿಗೆ, ಎಂದರೆ ಆವಿಯಾಗಿ ಹೋಗಲು. ಆವಿಗೂ ಒಂದು ಪಾಲಿತ್ತು, ಇಥಿಯೋಪಿಯಕ್ಕೆ ಇರಲಿಲ್ಲ. ಆ ಭರವಸೆಯ ಮೇಲೆ ಕಟ್ಟಿದ ಅಸ್ವಾನ್ ಮಹಾ ಅಣೆಕಟ್ಟು 1970ರಲ್ಲಿ ಮುಗಿಯಿತು.

ಇದನ್ನು ಓದುವಾಗ ಕನ್ನಡಿಗರಿಗೆ ಏನು ನೆನಪಾಗುತ್ತದೆಂದು ಹೇಳಬೇಕಾಗಿಲ್ಲ. ಮದರಾಸು ಮತ್ತು ಮೈಸೂರುಗಳ ಕಾವೇರಿ ಒಪ್ಪಂದ 1924ರದು. ನೈಲಿನ ಒಪ್ಪಂದಕ್ಕೆ ಐದೇ ವರ್ಷ ಮುಂಚಿನದು. ಅಲ್ಲಿಯೂ ದೊರೆಯ ನೆರಳು ಬಿದ್ದದ್ದು ಕೆಳದಂಡೆಯ ಮೇಲೆ. ಕಾವೇರಿಯ ಮಾತಿನಲ್ಲಿ ನಾವೆಲ್ಲ ಇಥಿಯೋಪಿಯದವರು. ನಮ್ಮ ಬೆಟ್ಟ, ನಮ್ಮ ಮಳೆ, ನಮ್ಮ ರೈತ ಎಂದು ಎದೆ ತಟ್ಟಿಕೊಳ್ಳುತ್ತೇವೆ. 2018ರಲ್ಲಿ ಸುಪ್ರೀಂ ಕೋರ್ಟು ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದ ನೀರನ್ನು 177.25 ಟಿಎಂಸಿಗೆ ಇಳಿಸಿದಾಗ ನಾವೂ ಕಚೇರಿಯಲ್ಲಿ ಸಿಹಿ ಹಂಚಿದವರೇ.

ಈಜಿಪ್ಟಿನ ಪಾಲನ್ನು ನಮಗೆ ತಿಳಿಯುವ ಅಳತೆಗೆ ಇಳಿಸಿ ನೋಡಿದೆವು. 55.5 ಶತಕೋಟಿ ಘನ ಮೀಟರ್ ಎಂದರೆ ಸುಮಾರು 1,960 ಟಿಎಂಸಿ. ಬಚಾವತ್ ನ್ಯಾಯಮಂಡಳಿ ಕೃಷ್ಣೆಯಲ್ಲಿ ನಂಬಬಹುದಾದ ನೀರೆಂದು ಲೆಕ್ಕ ಹಾಕಿ ಮೂರು ರಾಜ್ಯಗಳಿಗೆ ಹಂಚಿದ್ದು 2,060 ಟಿಎಂಸಿ. ಕೃಷ್ಣೆಗಿಂತ ತುಸು ಕಡಿಮೆ ನೀರಿನಲ್ಲಿ ಹತ್ತು ಕೋಟಿಗೂ ಮಿಕ್ಕ ಜನರ ಒಂದು ದೇಶ ಬದುಕಬೇಕು, ಅದೂ ಮಳೆಯ ಒಂದು ಹನಿಯ ನೆರವೂ ಇಲ್ಲದೆ. ಒಪ್ಪಂದವಾದ ಕಾಲಕ್ಕೆ ಅಲ್ಲಿಯ ಜನಸಂಖ್ಯೆ ಎರಡೂವರೆ ಕೋಟಿಗಿಂತ ಸ್ವಲ್ಪ ಹೆಚ್ಚು. ತಲೆಗೆ ವರ್ಷಕ್ಕೆ ಎರಡು ಸಾವಿರ ಘನ ಮೀಟರ್ ನೀರಿತ್ತು. ಇಂದು ಐನೂರರ ಸಮೀಪಕ್ಕೆ ಇಳಿದಿದೆ. ಸಾವಿರಕ್ಕಿಂತ ಕಡಿಮೆಯಾದರೆ ನೀರಿನ ಅಭಾವವೆಂದು ಲೋಕವೆಲ್ಲ ಒಪ್ಪಿದ ಅಳತೆ. ಒಬ್ಬ ಹೆಣ್ಣುಮಗಳಿಗೆ 2014ರಲ್ಲಿ ಸರಾಸರಿ 3.5 ಮಕ್ಕಳಿದ್ದದ್ದು 2021ರ ಸಮೀಕ್ಷೆಯಲ್ಲಿ 2.85ಕ್ಕೆ ಇಳಿದಿದೆ, ಆದರೂ ಜನ ಹೆಚ್ಚುತ್ತಲೇ ಇರುತ್ತಾರೆ, ಪಾಲು ಹೆಚ್ಚುವುದಿಲ್ಲ.

ಮೇಲ್ದಂಡೆಯವರು ಸುಮ್ಮನೆ ಕೂಡಲಿಲ್ಲ. 2011ರಲ್ಲಿ ಇಥಿಯೋಪಿಯ ನೀಲ ನೈಲಿನ ಮೇಲೆ, ಸುಡಾನಿನ ಗಡಿಯ ಹತ್ತಿರ, ಮಹಾ ಅಣೆಕಟ್ಟಿನ ಕೆಲಸ ಆರಂಭಿಸಿತು. ಹಣಕ್ಕಾಗಿ ತನ್ನ ಜನರಿಗೇ ಬಾಂಡುಗಳನ್ನು ಮಾರಿತು. 2020ರಲ್ಲಿ ನೀರು ತುಂಬಿಸತೊಡಗಿ, 2025ರ ಸೆಪ್ಟೆಂಬರಿನಲ್ಲಿ ಉದ್ಘಾಟಿಸಿತು. ಅದು ಹಿಡಿಯುವ ನೀರು 74 ಶತಕೋಟಿ ಘನ ಮೀಟರ್. ನಮ್ಮ ಐವತ್ತಕ್ಕೂ ಹೆಚ್ಚು ಕನ್ನಂಬಾಡಿಗಳು ಅದರಲ್ಲಿ ಮುಳುಗುತ್ತವೆ. ಕಾವೇರಿಯ ಕನ್ನಡಿಗನಾಗಿ ನಮ್ಮ ಮೊದಲ ಮನಸ್ಸು ಇಥಿಯೋಪಿಯದ ಕಡೆಗೇ ವಾಲಿತು. ಕತ್ತಲೆಯಲ್ಲಿ ಬದುಕುವ ಜನ ತಮ್ಮ ಬೆಟ್ಟದ ನೀರಿನಿಂದ ದೀಪ ಹಚ್ಚಿಕೊಂಡರೆ ತಪ್ಪೇನು ಎಂದುಕೊಂಡೆವು.

ಆ ತೀರ್ಮಾನವನ್ನು ಅಲುಗಿಸಿದವರು ಊರಿನ ಕಾಕಾ. ಒಂದು ಮೇ ತಿಂಗಳಲ್ಲಿ ಕಣ್ಣಿನ ಚಿಕಿತ್ಸೆಗೆಂದು ಶಹಾಡಿಗೆ ಬಂದಿದ್ದರು. ಟಿಟ್ವಾಳಾ ಗಣಪತಿಯ ದರ್ಶನ ಮಾಡಿಸಲು ಲೋಕಲ್ ಗಾಡಿಯಲ್ಲಿ ಕರೆದೊಯ್ದೆವು. ಶಹಾಡ್ ಬಿಟ್ಟು ಅಂಬಿವಲಿ ಮುಟ್ಟುವ ಮೊದಲು ಗಾಡಿ ಉಲ್ಹಾಸ ನದಿಯ ಸೇತುವೆ ದಾಟುತ್ತದೆ. ಕಿಟಕಿಯ ಪಕ್ಕ ಕುಳಿತಿದ್ದ ಕಾಕಾ ತಟ್ಟನೆ ಕೇಳಿದರು: "ಇದೇನೋ ತಮ್ಮಾ, ಬ್ಯಾಸಗ್ಯಾಗ ಇಷ್ಟು ನೀರು? ಮಳಿ ಇಲ್ಲ, ಏನಿಲ್ಲ, ಎಲ್ಲಿಂದ ಬಂದಾವು?" ನಮ್ಮೂರಿನ ಭೀಮೆ ಆಗ ಮರಳಾಗಿತ್ತು. ಉಜನಿಯಿಂದ ಕುಡಿಯುವುದಕ್ಕಾದರೂ ನೀರು ಬಿಡಲೆಂದು ದಂಡೆಯ ಹಳ್ಳಿಗಳು ಬೇಡುತ್ತಿದ್ದ ದಿನಗಳವು. ಕೋಯ್ನಾ, ಬಾರ್ವಿ ಎಂದು ಏನೋ ಹೇಳಿ ಮಾತು ತೇಲಿಸಿದೆವು. ಮನೆಗೆ ಬಂದು ಹುಡುಕಿದ ಮೇಲೆ ದೊರೆತ ಉತ್ತರವನ್ನು ಕಾಕಾನಿಗೆ ಹೇಳಲು ಎರಡು ದಿನ ಬೇಕಾಯಿತು.

ಉಲ್ಹಾಸ ಹುಟ್ಟುವುದು ಸಹ್ಯಾದ್ರಿಯ ರಾಜಮಾಚಿಯ ಬೆಟ್ಟಗಳಲ್ಲಿ. ಕರ್ಜತ್, ಬದ್ಲಾಪುರಗಳನ್ನು ಹಾದು ನಮ್ಮ ಶಹಾಡಿಗೆ ಬರುತ್ತದೆ. ಒಟ್ಟು ಉದ್ದ 122 ಕಿಲೋಮೀಟರ್. ನೈಲಿನ ಮುಂದೆ ಒಂದು ಹಳ್ಳ. ಮಳೆಗಾಲದಲ್ಲಿ ಉಕ್ಕುವ ಈ ನದಿ ತನ್ನ ಪಾಡಿಗೆ ಬಿಟ್ಟರೆ ಬೇಸಿಗೆಯಲ್ಲಿ ಬಡವಾಗಬೇಕು. ಆದರೆ ಘಟ್ಟದ ಮೇಲೆ, ಪುಣೆ ಜಿಲ್ಲೆಯ ಮಾವಳದಲ್ಲಿ, ಆಂಧ್ರಾ ಎಂಬ ಸಣ್ಣ ನದಿಯೊಂದಿದೆ. ಅದು ಇಂದ್ರಾಯಣಿಯನ್ನು ಸೇರಬೇಕು, ಇಂದ್ರಾಯಣಿ ಭೀಮೆಯನ್ನು, ಭೀಮೆ ನಮ್ಮ ಊರಿನ ಮುಂದೆ ಹಾದು ಕೃಷ್ಣೆಯನ್ನು. 1922ರಲ್ಲಿ ಟಾಟಾ ಕಂಪನಿ ಆ ಆಂಧ್ರೆಗೆ ಠೋಕರವಾಡಿಯಲ್ಲಿ ಕಟ್ಟೆ ಕಟ್ಟಿ, ಪೂರ್ವಕ್ಕೆ ಹರಿಯಬೇಕಾದ ನೀರನ್ನು ಪಶ್ಚಿಮಕ್ಕೆ ತಿರುಗಿಸಿ, ಘಟ್ಟದ ಕೆಳಗಿನ ಭಿವಪುರಿಯಲ್ಲಿ ಮುಂಬಯಿಗಾಗಿ ವಿದ್ಯುತ್ ತಯಾರಿಸತೊಡಗಿತು. ಯಂತ್ರ ತಿರುಗಿಸಿದ ನೀರು ಕರ್ಜತ್ ಬಳಿಯ ಹೊಳೆಗಿಳಿದು ಉಲ್ಹಾಸವನ್ನು ಸೇರುತ್ತದೆ. ಬೇಸಿಗೆಯಲ್ಲಿ ಈ ಭಾಗದ ಪಟ್ಟಣಗಳು ಕುಡಿಯುವುದು ಬಾರ್ವಿ ಅಣೆಕಟ್ಟಿನ ನೀರಿನೊಂದಿಗೆ ಈ ಆಂಧ್ರೆಯ ನೀರನ್ನು. ಕಾಕಾ ಕಂಡದ್ದು ಯಾರದೋ ನೀರಲ್ಲ, ತಮ್ಮದೇ ಭೀಮೆಯ ಒಂದು ಎಳೆ.

ಇಲ್ಲಿ ಮಾತು ಹೆಚ್ಚಿಸಬಾರದು. ಭೀಮೆಯ ಒಟ್ಟು ನೀರಿನಲ್ಲಿ ಆಂಧ್ರೆಯದು ದೊಡ್ಡ ಪಾಲಲ್ಲ. ನಮ್ಮೂರಿನ ಭೀಮೆ ಬತ್ತಲು ಕಬ್ಬಿನ ಗದ್ದೆಗಳು, ಮರಳಿನ ಲಾರಿಗಳು, ಉಜನಿಯ ಕಾಲುವೆಗಳು ಎಲ್ಲವೂ ಕಾರಣ; ಅದೇ ಭೀಮೆ 2020ರ ಅಕ್ಟೋಬರಿನಲ್ಲಿ ಮೇಲಿನ ಜಲಾಶಯಗಳಿಂದ ಬಿಟ್ಟ ನೀರಿನಲ್ಲಿ ಉಕ್ಕಿ ದಂಡೆಯ ಹಳ್ಳಿಗಳನ್ನು ಮುಳುಗಿಸಿತು. ಘಟ್ಟದಾಚೆಯ ತಿರುವಿಗೆ ಬಚಾವತ್ ನ್ಯಾಯಮಂಡಳಿ ಮಿತಿಯನ್ನೂ ಹಾಕಿದೆ. ಆದರೂ ಒಂದು ವ್ಯತ್ಯಾಸ ನಮ್ಮನ್ನು ಬಿಡದೆ ಕಾಡಿತು. ಇಥಿಯೋಪಿಯದ ಅಣೆಕಟ್ಟಿನಲ್ಲಿ ಯಂತ್ರ ತಿರುಗಿಸಿದ ನೀರು ಅದೇ ನದಿಗೆ ಬಿದ್ದು ಈಜಿಪ್ಟಿನ ಕಡೆಗೇ ಹೋಗುತ್ತದೆ. ಭಿವಪುರಿಯಲ್ಲಿ ಯಂತ್ರ ತಿರುಗಿಸಿದ ನೀರು ಭೀಮೆಗೆ ಎಂದೂ ಮರಳುವುದಿಲ್ಲ. ಈಜಿಪ್ಟ್ ಇಂದು ಯಾವುದಕ್ಕೆ ಹೆದರುತ್ತಿದೆಯೋ ಅದು ಭೀಮೆಯ ಪಾಲಿಗೆ ನೂರು ವರ್ಷಗಳ ಹಿಂದೆಯೇ ಸಣ್ಣ ಪ್ರಮಾಣದಲ್ಲಿ ನಡೆದುಹೋಗಿದೆ. ಅಂದು ಇಂಡಿಯ ರೈತನನ್ನು ಯಾರೂ ಕೇಳಲಿಲ್ಲ. 1921ರಲ್ಲಿ ಮುಳಶಿಯ ರೈತರು ಟಾಟಾ ಅಣೆಕಟ್ಟಿನ ವಿರುದ್ಧ ಸತ್ಯಾಗ್ರಹ ಹೂಡಿದ್ದೂ ತಮ್ಮ ನೆಲ ಮುಳುಗುವುದಕ್ಕಾಗಿ, ನದಿಯ ಕೆಳಗಿನವರಿಗಾಗಿ ಅಲ್ಲ.

ನಾವೂ ಆ ನೀರಿನ ದಾರಿಯಲ್ಲೇ ಬಂದವರು. ಸೊಲ್ಲಾಪುರದಲ್ಲಿ ಗಾಡಿ ಹತ್ತಿ, ಭೀಮೆಯ ಸೀಮೆಯನ್ನು ಹಾದು, ಲೋಣಾವಳದ ಘಟ್ಟ ಇಳಿದು, ಕರ್ಜತ್ ಮೂಲಕ ಕಲ್ಯಾಣಕ್ಕೆ. ಶಹಾಡಿನ ರೇಯಾನ್ ಕಾರ್ಖಾನೆಗೆ, ಡೊಂಬಿವಲಿಯ ಕೈಗಾರಿಕೆಗಳಿಗೆ, ಎಲ್ಲೆಡೆಯ ಕಟ್ಟಡ ಕೆಲಸಗಳಿಗೆ ವಿಜಾಪುರ, ಕಲಬುರಗಿ ಕಡೆಯ ಜನ ಬಂದದ್ದು ಹೀಗೆಯೇ; ಸರಕಾರಿ ವರ್ಗಾವಣೆಯ ಕಾಗದ ಹಿಡಿದು ಬಂದ ನಮ್ಮಂಥವರೂ. ಈಜಿಪ್ಟಿನ ದಕ್ಷಿಣದ ಮೇಲುನಾಡಿನಿಂದ ಕೈರೋಗೆ ಕೂಲಿಗೆ ಬರುವವರನ್ನು 'ಸಯೀದಿ' ಎಂದು ಕರೆದು, ಹೆಡ್ಡರೆಂದು ನಗೆಹನಿ ಕಟ್ಟುತ್ತಾರಂತೆ. ನಮ್ಮ ಕಡೆಯ ಮಾತಿನ ಧಾಟಿಗೆ ಎಷ್ಟು ಜನ ನಕ್ಕಿದ್ದಾರೆಂಬುದು ನೆನಪಾಯಿತು. ನೀರನ್ನು ತಿರುಗಿಸಿದ ಕಡೆಗೇ ಜನರೂ ತಿರುಗುತ್ತಾರೆ.

ಈಜಿಪ್ಟಿನ ಲೇಖಕ ಅಬ್ದೆಲ್ ರಹಮಾನ್ ಅಲ್ ಶರ್ಕಾವಿಯ 'ಅಲ್ ಅರ್ದ್' ಎಂಬ ಕಾದಂಬರಿ 1954ರಲ್ಲಿ ಬಂತು. 'ಭೂಮಿ' ಎಂದು ಅದರ ಅರ್ಥ. ಯೂಸುಫ್ ಶಾಹೀನ್ ಅದನ್ನು ಸಿನಿಮಾ ಮಾಡಿದರು. ಹಳ್ಳಿಯೊಂದಕ್ಕೆ ಕಾಲುವೆಯ ನೀರು ಬಿಡುವ ದಿನಗಳನ್ನು ಹತ್ತರಿಂದ ಐದಕ್ಕೆ ಇಳಿಸಿದಾಗ ಅಲ್ಲಿಯ ರೈತರು ಏನಾದರು ಎಂಬುದೇ ಅದರ ವಸ್ತು. ಇಂಗ್ಲಿಷ್ ಎಂ.ಎ.ಯಲ್ಲಿ ನಮಗೆ ಯಾರೂ ತೋರಿಸದ ಈಜಿಪ್ಟ್ ಅದು. ಅದರ ಹಳ್ಳಿಗರು ಮೊದಲು ಹೊಡೆದಾಡುವುದು ತಮ್ಮತಮ್ಮಲ್ಲೇ, ಒಬ್ಬನ ಹೊಲಕ್ಕೆ ಹೋದ ನೀರಿಗಾಗಿ ಇನ್ನೊಬ್ಬ. ಆದೇಶ ಹೊರಡಿಸಿದವರು ದೂರದಲ್ಲಿ ಕ್ಷೇಮವಾಗಿರುತ್ತಾರೆ. ಕಾವೇರಿಗಾಗಿ ಬಸ್ಸಿಗೆ ಬೆಂಕಿ ಬಿದ್ದ ದಿನಗಳಲ್ಲಿ ಬೆಂದವರು ಯಾರೆಂದು ಯೋಚಿಸಿದರೆ ಆ ಕಾದಂಬರಿಯನ್ನು ಕನ್ನಡದ್ದೆಂದೇ ಓದಬಹುದು.

ಹಾಗಾದರೆ ನಮ್ಮ ಅಭಿಪ್ರಾಯವೇನು? ಮೇಲ್ದಂಡೆಯವನ ಹಕ್ಕನ್ನು ನಾವು ಅಲ್ಲಗಳೆಯುವುದಿಲ್ಲ. ಕೊಟ್ಟವನನ್ನೇ ಹೊರಗಿಟ್ಟು ಬರೆದ 1959ರ ಪತ್ರ ಶಾಶ್ವತವಾಗಿ ನಿಲ್ಲಬೇಕೆಂದು ಈಜಿಪ್ಟ್ ಹಟ ಹಿಡಿದರೆ ಅದು ನ್ಯಾಯವಲ್ಲ. ಆದರೆ ಕೆಳದಂಡೆಯವನ ಭಯವನ್ನು ಹಟವೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಈಜಿಪ್ಟ್ ಇಂದು ಮುಖ್ಯವಾಗಿ ಕೇಳುತ್ತಿರುವುದು ಬರಗಾಲದ ವರ್ಷಗಳಲ್ಲಿ ಎಷ್ಟು ನೀರು ಹಿಡಿಯುತ್ತೀರಿ, ಎಷ್ಟು ಬಿಡುತ್ತೀರಿ ಎಂಬುದನ್ನು ಬರಹದಲ್ಲಿ ಕೊಡಿ ಎಂದು. ಭೀಮಾತೀರದ ಹಳ್ಳಿಗಳು ಮಹಾರಾಷ್ಟ್ರವನ್ನು ಕೇಳುತ್ತಿರುವುದೂ ಅದನ್ನೇ: ಬೇಸಿಗೆಯಲ್ಲಿ ಎಷ್ಟು, ಪ್ರವಾಹಕ್ಕೆ ಎಷ್ಟು ಗಂಟೆ ಮುಂಚೆ ಸುದ್ದಿ. ತಮಿಳುನಾಡು ನಮ್ಮನ್ನು ಕೇಳಿದ್ದರಲ್ಲಿಯೂ ಬಹುಪಾಲು ಇದೇ ಇದೆ. ಭೀಮೆಯ ಮಾತು ಬಂದಾಗ ಕೆಳದಂಡೆಯವರಂತೆ ಅಳುವ ಕರ್ನಾಟಕ ಕಾವೇರಿಯ ಮಾತು ಬಂದಾಗ ಆ ಅಳುವನ್ನು ಗುರುತಿಸಬೇಕು. ಗುರುತಿಸಿದರೆ ನಮ್ಮ ಪಾಲು ಒಂದು ಟಿಎಂಸಿಯೂ ಕಡಿಮೆಯಾಗುವುದಿಲ್ಲ. ಮಾತಿನ ಧಾಟಿ ಮಾತ್ರ ಬದಲಾಗುತ್ತದೆ, ಒಪ್ಪಂದಗಳು ಆರಂಭವಾಗುವುದು ಅಲ್ಲಿಂದ.

ಎರಡನೆಯದು ಶಹಾಡಿನವರಾದ ನಮಗೇ ಹೇಳಿಕೊಳ್ಳಬೇಕಾದ್ದು. ಮೇಲಿನವರನ್ನು ಬಯ್ಯುತ್ತಿದ್ದರೂ ಈಜಿಪ್ಟ್ ತನ್ನ ನೀರನ್ನು ಮತ್ತೆ ಮತ್ತೆ ಬಳಸುವುದನ್ನು ಕಲಿತಿದೆ. ಹೊಲದಿಂದ ಬಸಿದು ಬಂದ ನೀರನ್ನು ಶುದ್ಧಗೊಳಿಸಿ ಮರಳಿ ಹೊಲಕ್ಕೆ ಹರಿಸಲು ಬಹ್ರ್ ಅಲ್ ಬಕರ್‌ನಲ್ಲಿ 2021ರಲ್ಲಿ ತೆರೆದ ಘಟಕ ದಿನಕ್ಕೆ 56 ಲಕ್ಷ ಘನ ಮೀಟರ್ ನೀರನ್ನು ಶುದ್ಧೀಕರಿಸಬಲ್ಲದು. ನಾವು ಏನು ಮಾಡುತ್ತಿದ್ದೇವೆ? ಭೀಮೆಯಿಂದ ತಿರುಗಿ ಬಂದ ನೀರನ್ನು ಒಮ್ಮೆ ಬಳಸಿ, ಪಟ್ಟಣಗಳ ಕೊಳಚೆಯೊಂದಿಗೆ ಅದೇ ಹೊಳೆಗೆ ಬಿಡುತ್ತೇವೆ. ಬೇಸಿಗೆ ಬಂತೆಂದರೆ ಮೋಹನೆಯಿಂದ ಶಹಾಡಿನವರೆಗೆ ನದಿಯ ಮೇಲೆ ಅಂತರಗಂಗೆ ಹಸಿರು ಹಾಸಿನಂತೆ ಹಬ್ಬುತ್ತದೆ. ಇಲ್ಲಿಯವರು ಅದನ್ನು ಜಲಪರ್ಣಿ ಎನ್ನುತ್ತಾರೆ. ಈ ನದಿಯ ಮತ್ತು ಅದನ್ನು ಸೇರುವ ವಾಲಧುನಿಯ ಮಾಲಿನ್ಯದ ದಾವೆ ಹಸಿರು ನ್ಯಾಯಮಂಡಳಿಯನ್ನೂ ಸುಪ್ರೀಂ ಕೋರ್ಟನ್ನೂ ಮುಟ್ಟಿ ವರ್ಷಗಳಾದವು. ನಾವು ಕೊನೆಯ ಬಳಕೆದಾರರೂ ಅಲ್ಲ. ಶಹಾಡ್ ಮತ್ತು ತೆಮಘರ್ ಊರುಗಳ ಹೆಸರನ್ನೇ ಹೊತ್ತ ಜಲ ಪ್ರಾಧಿಕಾರ ಇಲ್ಲಿಂದ ನೀರೆತ್ತಿ ಠಾಣೆ, ಭಿವಂಡಿ, ಮೀರಾ ಭಾಯಂದರಗಳಿಗೆ ಕಳುಹಿಸುತ್ತದೆ. ಅವರ ಪಾಲಿಗೆ ನಾವೇ ಮೇಲ್ದಂಡೆ. ನಮ್ಮ ಸೊಸೈಟಿಗಳ ಸಭೆಯಲ್ಲಿ ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬಂತೆಂದು ಜಗಳವಾಡುತ್ತೇವೆ. ನಮ್ಮ ಕೊಳಚೆ ಎಲ್ಲಿಗೆ ಹೋಯಿತೆಂದು ಒಬ್ಬರೂ ಎದ್ದು ಕೇಳಿದ್ದನ್ನು ನಾವು ಕಂಡಿಲ್ಲ. ನಾವೂ ಕೇಳಿರಲಿಲ್ಲ. ಕಳೆದ ಸಭೆಯಲ್ಲಿ ಕೇಳಿದೆವು. ಉತ್ತರ ಯಾರಲ್ಲಿಯೂ ಇರಲಿಲ್ಲ; ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಅದು ಸೇರಿದೆ.

ಮಗಳು ಪರೀಕ್ಷೆಯಲ್ಲಿ ಪುಸ್ತಕದ ಉತ್ತರವನ್ನೇ ಬರೆದಳು. ಎರಡಕ್ಕೆ ಎರಡು ಅಂಕಗಳೂ ಬಂದವು. ಕಾಕಾನಿಗೆ ಆಂಧ್ರೆಯ ಕಥೆ ಹೇಳಿದಾಗ ಅವರು ಸಿಟ್ಟಾಗುತ್ತಾರೆಂದು ಅಂಜಿದ್ದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಇರಲಿ ಬಿಡು ತಮ್ಮಾ, ನೀವರೇ ಕುಡೀತೀರಲ್ಲ" ಎಂದರು. ಅಂದಿನಿಂದ ಊರಿಗೆ ಫೋನು ಮಾಡಿದಾಗಲೆಲ್ಲ, ಮಕ್ಕಳ ಕ್ಷೇಮಕ್ಕಿಂತ ಮೊದಲು, ಒಂದು ಮಾತು ಕೇಳುತ್ತಾರೆ: "ನಮ್ಮ ನೀರು ಹೆಂಗದಾವೋ?" ಜಲಪರ್ಣಿ ಹಬ್ಬಿದ ದಿನಗಳಲ್ಲಿ ಆ ಪ್ರಶ್ನೆಗೆ ಉತ್ತರಿಸುವುದು ಕಷ್ಟವಾಗುತ್ತದೆ.